ಶೆಡ್ಡಿನ ಬಾಗಿಲಿಗೆ ಕಂಬಳಿ

“ಮೂಗ ಯಾಕ ಮುಚ್ಚತೀರಿ? ನಿಮ್ಮಪ್ಪಗೋಳು ಇದರಾಗ ಹುಟ್ಟಿ ಇದರಾಗ ಬೆಳದಾರ. ನಿಮಗೇನ ಅತ್ತರ ಹೊಡದು ಕೊಡಬೇಕೇನು? ಆರಸ್ರಿ ಹಿಕ್ಕಿ, ಸುಮ್ಮನ.”

ಹೆಡ್‌ಮಾಸ್ತರ ಸಂಗಯ್ಯನವರು ಹೀಗೆ ಗದರಿಸುವಾಗ ಶೆಡ್ಡಿನ ಹೊರಗೆ ನಿಂತಿದ್ದರು. ಧೋತರದ ಚುಂಗಿನಿಂದ ತಮ್ಮ ಮೂಗನ್ನು ಮಾತ್ರ ಚೆನ್ನಾಗಿ ಮುಚ್ಚಿಕೊಂಡಿದ್ದರು. ಒಳಗೆ ನಾವು ಹತ್ತನೆಯ ಇಯತ್ತೆಯವರು ಕುಕ್ಕರಗಾಲಿನಲ್ಲಿ ಕೂತು, ಚೀಲದಿಂದ ಸುರಿದ ಕುರಿಯ ತುಪ್ಪಟದಲ್ಲಿ ಅಂಟಿದ ಹಿಕ್ಕೆ, ಜಾಲಿಮುಳ್ಳು, ಸತ್ತ ಹುಳ ಆರಿಸುತ್ತಿದ್ದೆವು. ಇದಕ್ಕೆ ಕಾರ್ಯಾನುಭವ ಎಂದು ಹೆಸರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎನ್ನುತ್ತಾರಲ್ಲ, ಹಾಗೆ.

ಎಂಬತ್ತೆರಡನೆಯ ಇಸವಿ. ಸಾಲಿಗಳು ಉದ್ದಿಮೆದಾರರ ಕೈ ಹಿಡಿದು ಮಕ್ಕಳಿಗೆ ಕಸಬು ಕಲಿಸಬೇಕು ಎಂದು ಮೇಲಿನವರು ಹೇಳಿದರಂತೆ. ಬಾಗಲಕೋಟೆಯಲ್ಲಿ ಅಂದಪ್ಪ ಸಾವುಕಾರರು ಹೊಸದಾಗಿ ಗಾಲಿಚಾ, ಅಂದರೆ ರತ್ನಗಂಬಳಿ ನೇಯುವ ಕಾರ್ಖಾನೆ ಕಟ್ಟಿಸಿದ್ದರು. ಬಾದಾಮಿ ತಾಲೂಕಿನ ನಮ್ಮ ಸಾಲಿಯ ಕೈ ಅವರಿಗೆ ಸಿಕ್ಕಿತು. ಸಾಲಿ ತನ್ನ ಹಳೆಯ ತಗಡಿನ ಶೆಡ್ಡು ಕೊಟ್ಟಿತು, ನಮ್ಮನ್ನು ಕೊಟ್ಟಿತು. ಸಾವುಕಾರರು ತುಪ್ಪಟ ಕೊಟ್ಟರು, ‘ಉಣ್ಣೆ ಕೈಗಾರಿಕಾ ತರಬೇತಿ ಕೇಂದ್ರ’ ಎಂಬ ಬೋರ್ಡು ಕೊಟ್ಟರು. ಕೈ ಕುಲುಕಿದವರು ಅವರು, ಕೈ ಹೊಲಸಾದದ್ದು ನಮ್ಮದು.

ಯಾರು ಈ ತರಬೇತಿಗೆ ಎಂದು ಆರಿಸಿದ ರೀತಿಯನ್ನು ನೆನೆದರೆ ನನಗೆ ಇವತ್ತಿಗೂ ನಗು ಬರುತ್ತದೆ, ಹಿಂದೆಯೇ ಹೊಟ್ಟೆ ಉರಿಯುತ್ತದೆ. ಹೆಡ್‌ಮಾಸ್ತರರು ವರ್ಗಕ್ಕೆ ಬಂದು ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮಪ್ಪ ಏನು ಮಾಡುತ್ತಾನೆ ಎಂದು ಕೇಳಿದರು. ನಾನು, “ಕುರಿ ಕಾಯ್ತಾನ್ರಿ” ಅಂದೆ. “ಈ ಕಡೆ ನಿಂದ್ರು.” ನನ್ನ ಗೆಳತಿ ಅಬೇದಾ ಪಿಂಜಾರ ದಸ್ತಗೀರಸಾಬನ ಮಗಳು. “ಹಿಂಜತಾನ್ರಿ, ಗಾದಿ ತುಂಬತಾನ್ರಿ” ಅಂದಳು. “ನೀನೂ ಈ ಕಡೆ.” ಊರ ಗೌಡರ ಮಗ ಎದ್ದು ನಿಂತು ತಲೆ ಕೆರೆದುಕೊಂಡ. ಪಾಪ, ಹುಡುಗ ಸತ್ಯವಂತ. “ಏನೂ ಮಾಡೂದಿಲ್ರಿ ಸರ್” ಅಂದ. ವರ್ಗವೆಲ್ಲ ನಕ್ಕಿತು. ಅವನನ್ನು ಆ ಕಡೆ ಕಳಿಸಿದರು.

ಆ ಕಡೆಯವರಿಗೆ ಮಧ್ಯಾಹ್ನ ಗಣಿತ, ಇಂಗ್ಲಿಷು. ಈ ಕಡೆಯವರಿಗೆ ಮಧ್ಯಾಹ್ನ ಹಿಕ್ಕೆ. ಶೆಡ್ಡಿಗೂ ವರ್ಗಕ್ಕೂ ನಡುವೆ ಒಂದೇ ಗೋಡೆ. ಚಂದಪ್ಪ ಮಾಸ್ತರರು ಹಲಗೆಯ ಮೇಲೆ ಸೀಮೆಸುಣ್ಣ ತಿಕ್ಕುವ ಸಪ್ಪಳ ನಮಗೆ ಕೇಳುತ್ತಿತ್ತು, ಲೆಕ್ಕ ಕೇಳುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಎಸ್ಸೆಸೆಲ್ಸಿ ಪರೀಕ್ಷೆಗೆ ಎರಡೂ ಕಡೆಯವರಿಗೆ ಒಂದೇ ಪ್ರಶ್ನೆಪತ್ರಿಕೆ. ಅದರಲ್ಲಿ ಹಿಕ್ಕೆಯ ಮೇಲೆ ಒಂದು ಪ್ರಶ್ನೆಯೂ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ನನಗೆ ಪಾಸಾಗಬೇಕಿತ್ತು. ಪಾಸಾಗಿ ಟಿಸಿಎಚ್ ಕಲಿತು ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು ಆಗಬೇಕಿತ್ತು. ನಮ್ಮ ಹಟ್ಟಿಯಲ್ಲಿ ಹತ್ತನೆಯ ಇಯತ್ತೆಯ ಮೆಟ್ಟಿಲು ಹತ್ತಿದ ಹುಡುಗಿ ನಾನೊಬ್ಬಳೇ. ಫೇಲಾದರೆ ನನಗೆ ತಾಳಿ ಕಟ್ಟಲು ಸೋದರಮಾವನ ಮಗ ಮಾಳಿಗೆಯ ಮೇಲೆ ಕೂತು ಮೀಸೆ ತಿರುವುತ್ತ ಕಾಯುತ್ತಿದ್ದ. ಅವನ ಮೀಸೆಯೂ ಪೂರ್ತಿ ಬಂದಿರಲಿಲ್ಲ.

ಒಂದು ದಿನ ಅಂದಪ್ಪ ಸಾವುಕಾರರೇ ತರಬೇತಿ ನೋಡಲು ಬಂದರು. ಬಿಳಿ ಪೈರಣ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಬಾಯಿ ತುಂಬ ಎಲೆಯಡಿಕೆ. ಶೆಡ್ಡಿನ ಬಾಗಿಲಲ್ಲಿ ನಿಂತು, “ಹ್ಯಾಂಗ ಕಲಿಯಾಕತ್ತಾವ?” ಎಂದು ಕೇಳಿದರು. ಕೇಳಿದ್ದು ನಮ್ಮನ್ನಲ್ಲ, ಹೆಡ್‌ಮಾಸ್ತರರನ್ನು.

ಅಬೇದಾಳಿಗೆ ಬಾಯಿ ಸುಮ್ಮನಿರುವುದಿಲ್ಲ. “ಸಾವುಕಾರ್ರ, ಮಗ್ಗ ಯಾವಾಗ ಬರ್ತಾವ್ರಿ?” ಅಂದಳು.

ಸಾವುಕಾರರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. “ಮಗ್ಗ ಆಮ್ಯಾಲ. ನಿಮಗ ಏನ ಕಲಿಸಬೇಕು ಅಂತ ನಾನs ಕೂತು ಬರದು ಕೊಟ್ಟೇನಿ. ಒಂದನೇ ಪಾಠ ತುಪ್ಪಟ ಹಸನ ಮಾಡೂದು. ಎರಡನೇದು ವ್ಯಾಳ್ಯಾಕ್ಕ ಬರೂದು. ಮೂರನೇದು ಮಾಲಕರು ಬಂದ್ರ ಎದ್ದು ನಿಂದ್ರೂದು. ನಾಲ್ಕನೇದು ಎದುರು ಪ್ರಶ್ನಿ ಕೇಳಬಾರದು. ನೀ ನಾಲ್ಕನೇ ಪಾಠದಾಗ ನಪಾಸು.”

ಹೆಡ್‌ಮಾಸ್ತರರು ಹಲ್ಲು ತೋರಿಸಿ ನಕ್ಕರು. ನಪಾಸಾದವಳಿಗೆ ಶಿಕ್ಷೆಯಾಗಬೇಕಲ್ಲ. ಬೊಗಸೆ ತುಂಬ ಹಿಕ್ಕೆ ಹಿಡಿದು ಅಬೇದಾ ಬಿಸಿಲಲ್ಲಿ ನಿಂತಳು. ಆ ಕಡೆಯ ಹುಡುಗರು ಕಿಟಕಿಯಿಂದ ನೋಡಿದರು. ಅವಳು ಅಳಲಿಲ್ಲ, ನಾನು ಅತ್ತೆ.

ಸಾವುಕಾರರು ಹೊರಡುವ ಮುಂಚೆ ಎಲೆಯಡಿಕೆ ಉಗುಳಿ ಕೇಳಿದರು: “ಇವರಾಗ ಯಾರರ ಪಾಸಾಗ್ತಾರೇನ್ರಿ ಮಾಸ್ತರ?”

“ಒಬ್ಬಿಬ್ಬರು ಆಗಬಹುದ್ರಿ. ಈ ಹುಲ್ಲಪ್ಪನ ಮಗಳು ಪದ್ಮವ್ವ ಚುರುಕ ಅದಾಳ” ಎಂದು ಹೆಡ್‌ಮಾಸ್ತರರು ನನ್ನ ಕಡೆ ಬೆರಳು ಮಾಡಿದರು.

“ಹಂಗಾದ್ರ ಗಣಿತದ ಗಾಳಿ ಬಡೀದಂಗ ನೋಡಕೋರಿ. ಪಾಸಾದವ್ರು ನನ್ನಲ್ಲಿ ನಿಲ್ಲೂದಿಲ್ಲರಿ. ಕಚೇರಿ, ಬ್ಯಾಂಕು ಅಂತ ಓಡತಾರ. ಫೇಲಾದವ್ರು ಹಾಕಿದಲ್ಲೇ ಬಿದ್ದಿರ್ತಾರ. ನನಗ ಫೇಲಾದವ್ರು ಬೇಕು.”

ನನ್ನೆದುರೇ ಹೇಳಿದರು. ಕುರಿಯ ಎದುರಿಗೆ ಅದರ ಮಾಂಸದ ದರ ಮಾತಾಡುವಾಗ ಯಾರಾದರೂ ದನಿ ತಗ್ಗಿಸುತ್ತಾರೆಯೇ?

ಮನೆಗೆ ಬಂದು ಅವ್ವನಿಗೆ ಹೇಳಿದೆ. ನಮ್ಮವ್ವ ರಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ಬಡಿದಳು. ಆ ರೊಟ್ಟಿ, ಆಚೆ ನಿಂತು ನೋಡಿದರೆ ಈಚೆಯ ಗೋಡೆ ಕಾಣುವಷ್ಟು ತೆಳ್ಳಗಾಯಿತು. “ತ್ವಾಳ ಬಂದು, ಪಗಾರ ಬ್ಯಾಡ, ಪುಕ್ಕಟೆ ಕುರಿ ಕಾಯ್ತೇನಿ ಅಂತಂತ” ಎಂದಳು. ಅಪ್ಪ, ಹಟ್ಟಿಯ ಉಳಿದ ಗಂಡಸರ ಜೊತೆ ಕುರಿ ಹೊಡೆದುಕೊಂಡು ಹೊಳೆಯ ಆಚೆ ಹೋಗಿದ್ದ. ಬರುವುದು ಯಾವಾಗಲೋ. ಮರುದಿನ ಅವ್ವ ತಾನೇ ಸಾಲಿಗೆ ಬಂದಳು.

ಹೆಡ್‌ಮಾಸ್ತರರು ಅವಳನ್ನು ಖೋಲಿಯ ಒಳಗೆ ಕರೆಯಲಿಲ್ಲ. ಹೊಸ್ತಿಲ ಹೊರಗೆ, ಅವರು ಕಳಚಿಟ್ಟ ಕೆರಗಳ ಪಕ್ಕದಲ್ಲಿ ನಿಂತು ಮಾತಾಡಿದಳು.

“ನಮ್ಮ ಪದ್ಮಿನ್ನ ಗಣಿತಕ್ಕ ಕೂಡಸ್ರಿ ಸರ್. ತುಪ್ಪಟದ ಕೆಲಸ ಮನ್ಯಾಗೂ ಐತಿ. ಅದನ್ನ ಕಲಿಯಾಕ ಸಾಲಿಗೆ ಯಾಕ ಬರಬೇಕ್ರಿ?”

“ನಿನ್ನ ಮಗಳು ಮಾಮಲೇದಾರ ಆಗಬೇಕೇನು?”

“ಆದ್ರ ಆಗ್ಲಿ ಬಿಡ್ರಿ. ನಿಮಗ್ಯಾಕ ಹೊಟ್ಟಿಬ್ಯಾನಿ?”

ಮಾಸ್ತರರ ಮುಖ ಕೆಂಪಾಯಿತು. “ಏ, ಭಾಡಕೌ ಮಾತು ಆಡಬ್ಯಾಡ. ಕೆರದ ಬಾಜೂಕ ನಿಂತು ನನಗ ಶಾಣೇತನ ಹೇಳತಿ? ಇದು ಮ್ಯಾಲಿನ ಹುಕುಂ. ಸೋಮವಾರ ಬಿಜಾಪುರದಿಂದ ಸಾಹೇಬ್ರು ಬರ್ತಾರ, ಬೋರ್ಡು ತೆರೀತಾರ. ಏನಿದ್ರೂ ಅವರಿಗೆ ಹೇಳು.” ಅವ್ವ ಸೆರಗು ಸುತ್ತಿಕೊಂಡು ಹೊರಟಾಗ ಹಿಂದಿನಿಂದ ಕೂಗಿದರು, “ಮತ್ತ ಕೇಳಿಲ್ಲಿ. ಗಾಲಿಚಾ ಇನ್ನೂ ಒಂದೂ ತಯಾರ ಆಗಿಲ್ಲ. ಸಾಹೇಬ್ರ ಖುರ್ಚಿ ಕೆಳಗ ಹಾಸಾಕ ನಿಮ್ಮ ಹಟ್ಟಿಯಿಂದ ಒಂದು ಛಲೋ ಕರಿಕಂಬಳಿ ಕಳಸ್ರಿ.”

ಬೈದು, ಹಿಂದೆಯೇ ಕಂಬಳಿ ಬೇಡಲು ಅವರಿಗೆ ಸಂಕೋಚವಾಗಲಿಲ್ಲ. ಕಂಬಳಿಯಲ್ಲಿ ಉಣ್ಣುವವರು ಅವರು, ಕೂದಲಿಗೆ ಹೇಸುವವರೂ ಅವರೇ.

ಸಾಲಿಯ ಜವಾನ ಮಾಳಪ್ಪ ನಮ್ಮ ಹಟ್ಟಿಯವನು. ಅವನು ಹೋಗಿ ಬೀರಲಿಂಗಪ್ಪಜ್ಜನಿಗೆ ಹೇಳಿದ. ಅಜ್ಜ ನಮ್ಮ ಬೀರಪ್ಪನ ಗುಡಿಯ ಪೂಜಾರಿ. “ದೊಡ್ಡ ಮಂದಿ ಕೂಡತಾರಂತ ಯಜ್ಜ, ಸಾಲ್ಯಾಗ ಕಂಬಳಿ ಹಾಸಬೇಕಂತ” ಎಂದಷ್ಟೇ ಹೇಳಿದ. ಖುರ್ಚಿಯ ಕೆಳಗೆ ಎಂಬುದನ್ನು ಹೇಳಲು ಮರೆತನೋ, ಹೇಳಲು ಬಾಯಿ ಬರಲಿಲ್ಲವೋ.

ಕಂಬಳಿ ಹೊದ್ದರೆ ನಮಗೆ ಅದು ಬರೀ ಅರಿವೆ. ಮಳೆಗೆ, ಚಳಿಗೆ, ಕೂಸಿನ ತೊಟ್ಟಿಲಿಗೆ ಎಲ್ಲಕ್ಕೂ ಆಗುತ್ತದೆ. ಆದರೆ ಮಂದಿ ಕೂಡುವಲ್ಲಿ ಹಿರಿಯರು ನಾಲ್ಕು ಮೂಲೆ ಜಗ್ಗಿ ಕರಿಕಂಬಳಿ ಹಾಸಿ, ನಡುವೆ ದೇವರ ಅರಿಷಿಣದ ಭಂಡಾರವಿಟ್ಟರೆ ಅದು ಬೀರದೇವರ ಗದ್ದಿಗೆ. ಆಮೇಲೆ ಅದನ್ನು ಕೆರ ಮೆಟ್ಟಿ ತುಳಿಯುವಂತಿಲ್ಲ, ದಾಟಿ ಹೋಗುವಂತಿಲ್ಲ. ಅದರೆದುರು ಯಾರೂ ಎತ್ತರದಲ್ಲಿ ಕೂಡುವಂತಿಲ್ಲ. ಕುರಿ ಕಳುವಾಗಲಿ, ಗಂಡ ಹೆಂಡಿರ ಜಗಳವಾಗಲಿ, ಕೇಳಿದ ಮಾತಿಗೆ ಭಂಡಾರ ಹಿಡಿದು ಉತ್ತರ ಕೊಡಬೇಕು. ಮಾತು ತೀರುವ ತನಕ ಕಂಬಳಿ ಎತ್ತುವಂತಿಲ್ಲ.

ಬೀರಲಿಂಗಪ್ಪಜ್ಜನಿಗೆ ಮಂದಿಗೆ ಕಂಬಳಿ ಹಾಸುವ ರೀತಿ ಗೊತ್ತಿದ್ದದ್ದು ಇದೊಂದೇ. ಸೋಮವಾರ ಬೆಳಿಗ್ಗೆ ಜಳಕ ಮಾಡಿ ಬಂದ. ಬೋರ್ಡು ತೂಗುಹಾಕಿದ್ದ ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಹಟ್ಟಿಯ ದೊಡ್ಡ ಕರಿಕಂಬಳಿ ಹಾಸಿದ. ತಾಟಿನಲ್ಲಿ ಭಂಡಾರ ಸುರಿದು ನಡುವೆ ಇಟ್ಟ, ಎಲೆಯಡಿಕೆ ಇಟ್ಟ, ಅಡ್ಡಬಿದ್ದ. ಆಣೆ ಮಾಡಿ ಹೇಳುತ್ತೇನೆ, ಅಜ್ಜನ ತಲೆಯಲ್ಲಿ ಯಾವ ಹುನ್ನಾರವೂ ಇರಲಿಲ್ಲ. ಸಾವುಕಾರರ ಮೇಲೆ ಸಿಟ್ಟೂ ಇರಲಿಲ್ಲ. ಹಾಸು ಎಂದರು, ಹಾಸಿದ.

ಹಟ್ಟಿಯ ಹೆಂಗಸರು, ಮುದುಕರು ಬಂದರು. ಭಂಡಾರ ಕಂಡದ್ದೇ ಕೆರ ಬಿಚ್ಚಿ, ಹಣೆಗೆ ಹಚ್ಚಿಕೊಂಡು ಸುತ್ತ ಕೂತರು. ಮಾಳಪ್ಪ ಸಾಹೇಬರ ಖುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದವನು ಕಂಬಳಿಯ ಅಂಚಿಗೆ ಬಂದು ಗಕ್ಕನೆ ನಿಂತ.

“ಇಡಲೇ ಮಾಳ್ಯಾ” ಎಂದರು ಹೆಡ್‌ಮಾಸ್ತರರು.

“ಎಲ್ಲಿಡ್ಲಿರಿ?”

“ಕಂಬಳಿ ಮ್ಯಾಲ ಇಡಲೇ.”

“ಅದೊಂದು ಆಗೂದಿಲ್ರಿ. ನನಗ ಹೆಂಡರು ಮಕ್ಕಳದಾರ.”

ಇಷ್ಟರಲ್ಲಿ ಜೀಪು, ಹಿಂದೆಯೇ ಸಾವುಕಾರರ ಕಾರು ಬಂದೇಬಿಟ್ಟವು. ಶಿಕ್ಷಣ ಖಾತೆಯ ಆ ಸಾಹೇಬರು ಮೈಸೂರು ಕಡೆಯವರು, ಮೆತ್ತನೆಯ ಮನುಷ್ಯರು. ತಲೆಯ ಮೇಲೆ ಖುರ್ಚಿ ಹೊತ್ತ ಮಾಳಪ್ಪನನ್ನು ನೋಡಿ, “ಏನು ವಿಶೇಷ?” ಎಂದರು. ಬೀರಲಿಂಗಪ್ಪಜ್ಜ ಕೈಮುಗಿದು, “ಬರ್ರಿ ಸಾಹೇಬ್ರ. ಬೂಟ ಬಿಚ್ಚಿ ಕೂಡ್ರಿ” ಎಂದ. ಸಾಹೇಬರಿಗೆ ಭಾರಿ ಖುಷಿಯಾಯಿತು. “ಇದು ನಮ್ಮ ಸಂಸ್ಕೃತಿ ನೋಡಿ. ನೆಲದ ಮೇಲೆ ಕುಳಿತುಕೊಳ್ಳುವುದನ್ನೇ ನಾವು ಮರೆತುಬಿಟ್ಟಿದ್ದೇವೆ” ಎನ್ನುತ್ತ ಬೂಟು ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಸಾಹೇಬರೇ ಕೂತ ಮೇಲೆ ಉಳಿದವರು ಏನು ಮಾಡಿಯಾರು? ಸಂಗಯ್ಯ ಮಾಸ್ತರರು ಕೂತರು. ಅಂದಪ್ಪ ಸಾವುಕಾರರು ಹೊಟ್ಟೆ ಹಿಡಿದುಕೊಂಡು, ನರಳಿ, ಮಾಳಪ್ಪನ ಹೆಗಲು ಹಿಡಿದು ಕೂತರು. ಅವರ ಮೊಣಕಾಲಿಗೆ ಕಂಬಳಿಯ ಅಂಚಿನಾಚೆ ಕೂತ ನಮ್ಮ ಹಟ್ಟಿಯ ಮುದುಕಿಯೊಬ್ಬಳ ಮೊಣಕಾಲು ತಾಗುತ್ತಿತ್ತು. ಅವರಿಗೆ ಸರಿಯಲು ಜಾಗ ಇರಲಿಲ್ಲ. ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಸಾವುಕಾರರು ಕೂತಲ್ಲಿಂದಲೇ ಭಾಷಣ ಮಾಡಿದರು. ಬಡ ಮಕ್ಕಳ ಉದ್ಧಾರ ಅಂದರು. ಸಾಲಿ ಮತ್ತು ಕಾರ್ಖಾನೆ ಜೋಡೆತ್ತು ಅಂದರು. ಕಡೆಗೆ, “ಇಲ್ಲಿ ಕಲಿತ ಪ್ರತಿಯೊಂದು ಮಗುವಿಗೂ ಗಾಲಿಚಾ ನೇಯೋ ವಿದ್ಯಾ ಕಲಿಸಿ, ಎಸ್ಸೆಸೆಲ್ಸಿ ಪಾಸು ಮಾಡಿಸೇ ಕೆಲಸ ಕೊಡ್ತೇವಿ. ಇದು ನನ್ನ ಮಾತು” ಎಂದರು.

ಸಾಹೇಬರು ಚಪ್ಪಾಳೆ ತಟ್ಟಿದರು. ಹಟ್ಟಿಯವರು ತಟ್ಟಲಿಲ್ಲ. ಕಂಬಳಿಯ ಮೇಲೆ ಕೂತವನು ಮಾತು ಕೊಟ್ಟರೆ ಮುಂದೇನು ಎಂಬುದು ಅವರಿಗೆ ಗೊತ್ತು. ಬೀರಲಿಂಗಪ್ಪಜ್ಜ ಭಂಡಾರದ ತಾಟನ್ನು ಸಾವುಕಾರರ ಮುಂದೆ ಸರಿಸಿದ. “ಹಿಡದು ಹೇಳ್ರಿ” ಎಂದ, ಉಪ್ಪಿನಕಾಯಿ ಬಡಿಸುವಷ್ಟು ಸಹಜವಾಗಿ.

“ಏನ ಹಿಡೀಬೇಕು?”

“ಭಂಡಾರ್ರಿ. ಈಗ ಹೇಳಿದ್ರಲಾ, ಅದನ್ನs ಇದನ್ನ ಹಿಡದು ಹೇಳ್ರಿ.”

ಸಾವುಕಾರರು ನಕ್ಕರು. “ನಾವು ಬಸವಣ್ಣನ ಒಕ್ಕಲಪಾ. ನಿಮ್ಮ ಬೀರಪ್ಪನ ಆಣಿ ಪ್ರಮಾಣ ನಂಬೂದಿಲ್ಲ.”

ಹಿಂದೆ ಕೂತಿದ್ದ ಹೆಂಗಸರ ನಡುವಿನಿಂದ ಅವ್ವ ಎದ್ದು ಮುಂದೆ ಬಂದಳು. ಹೆಣ್ಣುಮಕ್ಕಳು ಕಂಬಳಿಯ ಹೊರಗೆ ಕೂತು ಕೇಳಿಸಿಕೊಳ್ಳುವುದು ನಮ್ಮ ಹಟ್ಟಿಯ ರೂಢಿ, ನಡುವೆ ಬಂದು ಮಾತಾಡುವುದಲ್ಲ. ಅಜ್ಜ ತಲೆಯೆತ್ತಿ ನೋಡಿದ. “ಗಂಡಸರು ಕುರಿ ಹಿಂದ ಹೋಗ್ಯಾರ ಯಜ್ಜ, ಅವರ ಬದಲಿ ನಾ ಕೇಳ್ತೇನಿ” ಎಂದಳು. “ಕೇಳವಾ” ಎಂದ ಅಜ್ಜ.

“ಸಾವುಕಾರ್ರ, ನಂಬದವರಿಗೆ ಇದು ಅರಿಷಿಣಪುಡಿ ಅಷ್ಟs. ಹಿಡದ್ರ ಕೈ ಹಳದಿ ಆಗತೈತಿ, ತೊಳಕೊಂಡ್ರ ಹೋಗತೈತಿ. ಅಂಜಿಕಿ ಯಾಕ್ರಿ?”

ಯಾರೋ ಮುದುಕ ಕಿಸಕ್ಕನೆ ನಕ್ಕ. ಸಾವುಕಾರರ ಕೈ ಮುಂದೆ ಬರಲಿಲ್ಲ. ಅವರಿಗೆ ನಂಬಿಕೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಾವು ತುಪ್ಪಟ ಕೊಳ್ಳುವುದು ನಮ್ಮ ಹಟ್ಟಿಗಳಲ್ಲೇ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ಭಂಡಾರ ಹಿಡಿದವನ ಸುದ್ದಿ ಕುರಿಗಿಂತ ಮೊದಲು ಹೊಳೆ ದಾಟುತ್ತದೆ. ಆಮೇಲೆ ಯಾವ ಹಟ್ಟಿಯೂ ಅವನಿಗೆ ಒಂದು ಹಿಡಿ ತುಪ್ಪಟ ಕೊಡುವುದಿಲ್ಲ.

“ಅದು ಬ್ಯಾಡ್ರಿ, ಹೋಗ್ಲಿ” ಎಂದಳು ಅವ್ವ. “ಪಾಸಾದವ್ರು ಬ್ಯಾಡ, ಫೇಲಾದವ್ರು ಬೇಕು ಅಂತ ಇದs ಬಾಗಿಲದಾಗ ನಿಂತು ಅಂದ್ರಂತ. ಅಂದಿಲ್ಲ ಅನ್ರಿ. ಮಾತು ತೀರತೈತಿ, ನಾವು ಕಂಬಳಿ ಎತ್ತಿಕೊಂಡು ಹೋಗ್ತೇವಿ.”

ಸಾವುಕಾರರು ಹೆಡ್‌ಮಾಸ್ತರರ ಮುಖ ನೋಡಿದರು. ಅವ್ವ, “ನೀವರ ಹೇಳ್ರಿ ಸರ್, ಬಾಜೂಕs ಇದ್ರೆಲಾ” ಎಂದಳು. ಹೆಡ್‌ಮಾಸ್ತರರ ಎಮ್ಮೆ ಹೋದ ವರ್ಷ ಮೇವು ಬಿಟ್ಟಾಗ ಅವರ ಹೆಂಡತಿ ನಮ್ಮ ಬೀರಪ್ಪನಿಗೇ ಹರಕೆ ಹೊತ್ತಿದ್ದರು. ಎಮ್ಮೆ ಎದ್ದು ನಿಂತು ಈಗಲೂ ಹಾಲು ಕೊಡುತ್ತಿತ್ತು. ಹೆಡ್‌ಮಾಸ್ತರರು ಆಕಾಶ ನೋಡತೊಡಗಿದರು.

ಸಾಹೇಬರಿಗೆ ಈಗ ತಾವು ಎಲ್ಲಿ ಕೂತಿದ್ದೇವೆ ಎಂಬುದು ಅರ್ಧ ತಿಳಿಯಿತು. “ಇದನ್ನೆಲ್ಲ ಕಚೇರಿಯಲ್ಲಿ ಪರಿಶೀಲಿಸೋಣ” ಎನ್ನುತ್ತ ಬೂಟಿನ ಕಡೆ ಕೈ ಚಾಚಿದರು. ಒಳ್ಳೆಯ ಮನುಷ್ಯರು ಜಾಗ ಖಾಲಿ ಮಾಡುವ ಪದ್ಧತಿ ಅದು.

ಸಾವುಕಾರರು ಒಮ್ಮೆಲೇ ಎದ್ದು ನಿಂತರು. “ಹಿಕ್ಕಿ ಬಳಿಯೋ ಸೂಳೇರು ನನಗ ಆಣಿ ಹಾಕ್ಸಾಕ ಬಂದ್ರೇನು? ನಿಮ್ಮ ಮಕ್ಕಳಿಗೆ ಕೆಲಸ ಕೊಡತೇನಿ ಅಂದದ್ದs ತಪ್ಪಾತು. ಸಾಯ್ರಿ, ಕುರಿ ಬಾಲಾ ಹಿಡಕೊಂಡು.”

ಅವ್ವನ ಮುಖ ಕಪ್ಪಿಟ್ಟಿತು. ಆದರೆ ದನಿ ಏರಲಿಲ್ಲ. “ಇದು ಖರೇ ಮಾತು ನೋಡ್ರಿ. ಇದಕ್ಕ ಭಂಡಾರ ಬೇಕಾಗಲಿಲ್ಲ ನಿಮಗ” ಎಂದಳು.

ಜೀಪು ಹೋಯಿತು, ಸಾವುಕಾರರ ಕಾರೂ ಹೋಯಿತು. ಬೋರ್ಡಿನ ಮೇಲಿನ ಪರದೆಯನ್ನು ಯಾರೂ ತೆಗೆಯಲಿಲ್ಲ. ಕಂಬಳಿ ಅಲ್ಲೇ ಉಳಿಯಿತು, ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ. ಬೀರಲಿಂಗಪ್ಪಜ್ಜ ಅದರ ಮೂಲೆಯಲ್ಲಿ ಕೂತು ತಂಬಾಕು ತಿಕ್ಕತೊಡಗಿದ.

ಮರುದಿನ ಮಧ್ಯಾಹ್ನ ಟೆಂಪೊ ತುಪ್ಪಟದ ಚೀಲ ಹೇರಿಕೊಂಡು ಬಂದು ಹಾರ್ನು ಹೊಡೆಯಿತು. ಚೀಲ ಇಳಿಸಬೇಕೆಂದರೆ ಕಂಬಳಿ ದಾಟಬೇಕು. ಹೆಡ್‌ಮಾಸ್ತರರು ಮಾಳಪ್ಪನಿಗೆ ಕಂಬಳಿ ಎತ್ತು ಎಂದರು. “ಮಾತು ತೀರಿಲ್ಲರಿ” ಎಂದ ಮಾಳಪ್ಪ. ಹಾಗಾದರೆ ತಾವೇ ಎತ್ತುತ್ತೇವೆ ಎಂದು ಬಗ್ಗಿದರು. ಕಂಬಳಿಯ ಅಂಚಿನ ತನಕ ಹೋದ ಕೈ ಅಲ್ಲಿಂದ ಹಿಂದಕ್ಕೆ ಬಂದು ಧೋತರ ಸರಿಮಾಡಿಕೊಂಡಿತು. ಎಮ್ಮೆ ನೆನಪಾಗಿರಬೇಕು.

ಆ ಸಿಟ್ಟು ನಮ್ಮ ಮೇಲೆ ತಿರುಗಿತು. “ನಿಂತು ಏನ ನೋಡತೀರಿ? ಶೆಡ್ಡಿಗೆ ಹೋಗ್ರಿ. ಹೋಗಲಿಲ್ಲ ಅಂದ್ರ ಗೈರುಹಾಜರಿ. ಹಾಜರಿ ಇಲ್ಲಂದ್ರ ಒಬ್ಬರನ್ನೂ ಪರೀಕ್ಷಾಕ್ಕ ಕೂಡಿಸೂದಿಲ್ಲ, ತಿಳೀತೇನು?”

ತಿಳಿಯಿತು. ಶೆಡ್ಡಿಗೆ ಹೋದರೆ ಫೇಲು, ಹೋಗದಿದ್ದರೆ ಪರೀಕ್ಷೆಯೇ ಇಲ್ಲ. ನಾನು ಪಾಟಿಚೀಲ ಎತ್ತಿಕೊಂಡು ಗೋಡೆಯ ಆಚೆಗೆ ನಡೆದೆ. ಅಬೇದಾ ಹಿಂದೆ ಬಂದಳು. ಅವಳ ಹಿಂದೆ ಯಾರು ಬಂದರು, ಯಾರು ಉಳಿದರು ಎಂದು ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಚಂದಪ್ಪ ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದರು. ಬಾಗಿಲಲ್ಲಿ ನಮ್ಮನ್ನು ಕಂಡು ಸೀಮೆಸುಣ್ಣ ನಿಂತಿತು. ಅವರು ಧೈರ್ಯವಂತರೇನಲ್ಲ, ಹೆಡ್‌ಮಾಸ್ತರರೆದುರು ಕೆಮ್ಮಲೂ ಹೆದರುವವರು. “ಹಿಂದ ಜಾಗಾ ಇಲ್ಲ” ಎಂದರು. ನಾವು ನಿಂತೇ ಇದ್ದೆವು. ಆಮೇಲೆ ಹಲಗೆಯ ಕಡೆ ಮುಖ ತಿರುಗಿಸಿ, “ಮುಂದ ಕೂಡ್ರಿ” ಎಂದರು.

ಮುಂದಿನ ಬೆಂಚಿನಲ್ಲಿ ಗೌಡರ ಮಗ ಸರಿದು ಜಾಗ ಕೊಟ್ಟ. ನಮ್ಮ ಮೈಯ ತುಪ್ಪಟದ ವಾಸನೆಗೆ ಸರಿದನೋ, ಜಾಗ ಕೊಡಲೆಂದೇ ಸರಿದನೋ, ನಾನು ಕೇಳಲಿಲ್ಲ. ಹಲಗೆಯ ತುಂಬ ಅಕ್ಷರಗಳ ಜೊತೆ ಅಂಕಿ ಬೆರೆತಿದ್ದವು. ಎಷ್ಟೋ ಪಾಠ ಮುಂದೆ ಹೋಗಿಬಿಟ್ಟಿತ್ತು.

“ನಿನಗೇನರ ತಿಳಿಯಾಕತ್ತೈತೇನ?” ಅಬೇದಾ ಪಿಸುಗುಟ್ಟಿದಳು.

“ಇಲ್ಲ.”

“ಮತ್ತ?”

“ಬರಕೋ.”

ಹೊರಗೆ ಟೆಂಪೊ ಹಾರ್ನು ಹೊಡೆಯುತ್ತಲೇ ಇತ್ತು. ಹೆಡ್‌ಮಾಸ್ತರರು ವರ್ಗದ ಬಾಗಿಲಿಗೆ ಬಂದು ನಿಂತರು. ನನ್ನ ಹೆಸರು ಹಿಡಿದು, “ಪದ್ಮವ್ವಾ, ಎದ್ದು ಹೊರಗ ಬಾ” ಎಂದರು.

“ಈ ಲೆಕ್ಕ ಮುಗದ ಮ್ಯಾಲ ಬರ್ತೇನ್ರಿ ಸರ್” ಅಂದೆ, ಕೂತಲ್ಲಿಂದಲೇ.

ಆ ಲೆಕ್ಕ ಎಲ್ಲಿ ಶುರುವಾಗುತ್ತದೆ ಎಂಬುದೂ ನನಗೆ ತಿಳಿದಿರಲಿಲ್ಲ.